ಡಂಬಲ್ಲೋ ಬಾರ್ಬೆಲ್ಲೋ? ಮೊದಲು ಪ್ಲೇಟಿನ ತೂತು ಅಳೆಯಿರಿ

ಮನೆಯಲ್ಲಿ ವ್ಯಾಯಾಮ ಮಾಡೋಕೆ ಒಂದೊಂದು ಕೈಯಲ್ಲಿ ಹಿಡಿಯುವ ಡಂಬಲ್ ತಗೊಳ್ಳಲಾ, ಎರಡೂ ಕೈಯಲ್ಲಿ ಎತ್ತುವ ಉದ್ದ ರಾಡಿನ ಬಾರ್ಬೆಲ್ ತಗೊಳ್ಳಲಾ ಎಂದು ಅಂಗಡಿಯಲ್ಲಿ ಕೇಳಿದರೆ, ಅವತ್ತು ಯಾವ ಮಾಲು ಹೆಚ್ಚು ಉಳಿದಿದೆಯೋ ಅದೇ ಉತ್ತರವಾಗಿ ಬರುತ್ತದೆ. ಆದ್ದರಿಂದ ಲೆಕ್ಕಾಚಾರ ಮನೆಯಲ್ಲೇ ಮುಗಿಸಿಕೊಂಡು ಪೇಟೆಗೆ ಹೋಗುವುದು ಒಳ್ಳೆಯದು. ನೋಡಬೇಕಾದ್ದು ಮೂರು: ಕೋಣೆಯಲ್ಲಿ ಎಷ್ಟು ಜಾಗ ಇದೆ, ಭಾರ ಹೆಚ್ಚಿಸುವಾಗ ಒಂದು ಸಲಕ್ಕೆ ಎಷ್ಟು ಕೆ.ಜಿ. ಏರಬೇಕಾಗುತ್ತದೆ, ಕಾಲಿಗೆ ಸಾಲುವಷ್ಟು ಭಾರ ಯಾವುದರಿಂದ ಸಿಗುತ್ತದೆ.

ನಮ್ಮ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇವೆ. ಹೊಸದಾಗಿ ಶುರು ಮಾಡುವವರು ಪ್ಲೇಟ್ (ನಡುವೆ ತೂತಿರುವ ತೂಕದ ಬಿಲ್ಲೆ) ಹಾಕಿ ತೆಗೆಯಬಹುದಾದ ಡಂಬಲ್ ರಾಡು ಒಂದು ಜೊತೆ ತಗೊಳ್ಳಿ. ಆದರೆ ಆ ಪ್ಲೇಟುಗಳು ಮುಂದೆ ಬಾರ್ಬೆಲ್‌ನ ಐದಡಿ ರಾಡಿಗೂ ಕೂರುವಂಥವೇ ಆಗಿರಲಿ. ದುಡ್ಡು ಹೋಗುವುದು ಪ್ಲೇಟಿಗೆ. ರಾಡು ಅದರ ಮುಂದೆ ಸಣ್ಣ ಖರ್ಚು. ಪ್ಲೇಟಿನ ತೂತು ಸರಿಯಾಗಿ ಆರಿಸಿಕೊಂಡವರಿಗೆ ಆರು ತಿಂಗಳ ಮೇಲೆ ‘ಡಂಬಲ್ಲೋ ಬಾರ್ಬೆಲ್ಲೋ’ ಎಂಬ ಪ್ರಶ್ನೆಯೇ ಇರುವುದಿಲ್ಲ. ಆರಿಸಿಕೊಳ್ಳದವರ ಮಂಚದಡಿ ಎರಡು ಬಗೆಯ ಪ್ಲೇಟು ಬಿದ್ದಿರುತ್ತವೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ.

ಜಾಗ

ಐದಡಿ ರಾಡು ಎಂದರೆ ಐದಡಿ ಜಾಗ ಸಾಕು ಅಂದುಕೊಳ್ಳಬೇಡಿ. ಪ್ಲೇಟು ತೂರಿಸಲು, ನಟ್ಟು ತಿರುಗಿಸಲು ಎರಡೂ ಕಡೆ ಒಂದೂವರೆ ಅಡಿ ಬೇಕು. ಅಲ್ಲಿಗೆ ಎಂಟಡಿ. ಸ್ಪರ್ಧೆಗಳಲ್ಲಿ ಬಳಸುವ ಪುರುಷರ ಒಲಿಂಪಿಕ್ ಬಾರ್ 2.2 ಮೀಟರ್ ಉದ್ದ, 20 ಕೆ.ಜಿ. ತೂಕ, ತುದಿಯ ತೋಳು 50 ಮಿ.ಮೀ. ದಪ್ಪ. ಅದಕ್ಕೆ ಹತ್ತಡಿಗಿಂತ ಹೆಚ್ಚು ಅಗಲ ಬೇಕು. 20×30 ಸೈಟಿನ ಮನೆಯಲ್ಲಿ ಮಂಚ, ಬೀರು ಇರುವ 10×10 ಕೋಣೆಗೆ ಅದು ಆಗಿಬರುವುದಿಲ್ಲ. ಡಂಬಲ್‌ಗಾದರೆ ಒಬ್ಬರು ಕೈ ಚಾಚಿ ಮಲಗುವಷ್ಟು, ಅಂದರೆ ಸುಮಾರು 6×5 ಅಡಿ ನೆಲ ಸಾಕು.

ತಲೆಯ ಮೇಲೂ ಒಮ್ಮೆ ನೋಡಿ. ಐದಡಿ ಎಂಟಿಂಚು ಎತ್ತರದವರು ಕೈ ಮೇಲೆತ್ತಿದರೆ ಪ್ಲೇಟಿನ ಮೇಲಂಚು ಏಳೂವರೆ ಅಡಿ ಮುಟ್ಟುತ್ತದೆ. ಫ್ಯಾನಿನ ಕೆಳಗೆ ನಿಂತು ಓವರ್‌ಹೆಡ್ ಪ್ರೆಸ್ (ಭಾರವನ್ನು ತಲೆಯ ಮೇಲಕ್ಕೆ ಒತ್ತುವುದು) ಬೇಡ. ಬೇಸಿಗೆಯಲ್ಲಿ ಸೆಕೆ ಎಂದು ಎಲ್ಲರೂ ಹೋಗಿ ನಿಲ್ಲುವುದೇ ಅಲ್ಲಿ.

ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬ್ಲಾಕ್ ಕಡೆ ರೂಮ್ ಮಾಡಿಕೊಂಡು ಓದುವ ಹುಡುಗರು, ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವವರು ಬಾರ್ಬೆಲ್ ಆಸೆ ಸದ್ಯಕ್ಕೆ ಬಿಡುವುದು ಲೇಸು. ಆಟೋದಲ್ಲಿ ಡಂಬಲ್ ರಾಡು, ಪ್ಲೇಟು ಕಾಲಡಿ ಇಟ್ಟುಕೊಂಡು ಹೋಗಬಹುದು. ಐದಡಿ ರಾಡು ಅಡ್ಡಡ್ಡ ಹೊರಗೆ ಚಾಚಿಕೊಳ್ಳುತ್ತದೆ.

ಭಾರ ಏರಿಸುವ ಲೆಕ್ಕ

ಇಲ್ಲಿಯೇ ಎರಡರ ನಿಜವಾದ ವ್ಯತ್ಯಾಸ ಇರುವುದು. ಸ್ನಾಯು ಬೆಳೆಯಬೇಕಾದರೆ ಭಾರ ಸ್ವಲ್ಪ ಸ್ವಲ್ಪವೇ ಏರಬೇಕು. 40 ಕೆ.ಜಿ. ಬಾರ್ಬೆಲ್‌ಗೆ ಎರಡೂ ಕಡೆ 1.25 ಕೆ.ಜಿ. ಹಾಕಿದರೆ 42.5 ಆಗುತ್ತದೆ. ಏರಿದ್ದು ಶೇ. 6ರಷ್ಟು, ದೇಹಕ್ಕೆ ಅದು ಒಗ್ಗುತ್ತದೆ. ಅದೇ ಬಿಚ್ಚಲಾಗದ ರಬ್ಬರ್ ಡಂಬಲ್ ಸೆಟ್ಟಿನಲ್ಲಿ 5 ಆದ ಮೇಲೆ 7.5, ಆಮೇಲೆ 10, ಆಮೇಲೆ 12.5. ಐದರಿಂದ ಏಳೂವರೆಗೆ ಹೋಗುವುದೆಂದರೆ ಒಂದೇ ಏಟಿಗೆ ಶೇ. 50 ಏರಿಕೆ. ಭುಜದ ಪಕ್ಕಕ್ಕೆ ಕೈ ಎತ್ತುವಂಥ ಸಣ್ಣ ವ್ಯಾಯಾಮದಲ್ಲಿ ಇದು ಸಾಧ್ಯವೇ ಇಲ್ಲ. ಆಗ ಜನ ಸೊಂಟ ಜೋಲಿಸಿ, ಮೈ ಕುಲುಕಿಸಿ ಎತ್ತಲು ಹೋಗುತ್ತಾರೆ, ಭುಜ ಹಿಡಿದುಕೊಳ್ಳುತ್ತದೆ. ‘ಮೂರು ತಿಂಗಳಿಂದ ಅದೇ ತೂಕದಲ್ಲಿದ್ದೀನಿ’ ಎನ್ನುವವರಲ್ಲಿ ಹೆಚ್ಚಿನವರ ತೊಂದರೆ ಇದು. ಊಟ, ಪ್ರೋಟೀನ್ ಪುಡಿ ಎಂದು ಬೇರೆಲ್ಲೋ ಕಾರಣ ಹುಡುಕುತ್ತಿರುತ್ತಾರೆ.

ಕಾಲಿನ ವಿಷಯ ಇದಕ್ಕೆ ತದ್ವಿರುದ್ಧ. ಕಾಲು, ಸೊಂಟ, ಬೆನ್ನಿನ ಸ್ನಾಯು ಬೇಗ ಬಲಗೊಳ್ಳುತ್ತವೆ. ಡಂಬಲ್ ಹಿಡಿದ ಬೆರಳು ಸೋಲುತ್ತವೆ, ಕಾಲು ಸೋಲುವುದಿಲ್ಲ. ಅಲ್ಲಿ ಬಾರ್ಬೆಲ್‌ಗೆ ಸಮನಾದದ್ದಿಲ್ಲ. ಡಂಬಲ್ ಮಾತ್ರ ಇದ್ದಾಗ ಒಂಟಿಗಾಲಿನ ವ್ಯಾಯಾಮಕ್ಕೆ ಹೋಗಬೇಕು: ಹಿಂದಿನ ಕಾಲನ್ನು ಕುರ್ಚಿಯ ಮೇಲಿಟ್ಟು ಮುಂದಿನ ಕಾಲಿನಿಂದ ಬಸ್ಕಿ. ಹೀಗೆ ಮಾಡಿದರೆ 15 ಕೆ.ಜಿ. ಡಂಬಲ್ ಕೂಡ ಸಾಕುಬೇಕಾಗಿಸುತ್ತದೆ.

ಡಂಬಲ್ ಪರವಾಗಿ ಇನ್ನೊಂದು ಮಾತು. ಬಲಗೈ ಬಲ ಜಾಸ್ತಿ ಇದ್ದರೆ ಬಾರ್ಬೆಲ್ ಅದನ್ನು ಮುಚ್ಚಿಡುತ್ತದೆ. ಡಂಬಲ್ ಎರಡನೇ ಸೆಟ್ಟಿಗೇ (ಬಿಡುವಿಲ್ಲದೆ ಎತ್ತುವ ಒಂದು ಸುತ್ತು ಎಂದರೆ ಒಂದು ಸೆಟ್) ತೋರಿಸಿಕೊಡುತ್ತದೆ. ಮಣಿಕಟ್ಟು, ಭುಜ ತಮಗೆ ಹಿತವಾದ ಕೋನದಲ್ಲಿ ತಿರುಗಬಹುದು. ಭುಜದ ನೋವು ಇದ್ದವರಿಗೆ ಅಂಗೈ ಒಳಮುಖವಾಗಿಟ್ಟು ಒತ್ತುವ ಡಂಬಲ್ ಪ್ರೆಸ್ ಬಾರ್ಬೆಲ್ ಪ್ರೆಸ್‌ಗಿಂತ ಹಗುರ. ಬಾರ್ಬೆಲ್‌ನಲ್ಲಿ 50 ಒತ್ತುವವರು ಡಂಬಲ್‌ನಲ್ಲಿ 25-25 ಒತ್ತಲಾರರು, ಕಡಿಮೆಯೇ ಆಗುತ್ತದೆ. ಬಲ ಇಳಿಯಿತು ಎಂದು ಗಾಬರಿಯಾಗಬೇಡಿ. ಎರಡು ಬೇರೆ ಬೇರೆ ತೂಕಗಳನ್ನು ಸಮತೋಲನದಲ್ಲಿ ಹಿಡಿಯುವುದಕ್ಕೂ ಬಲ ಖರ್ಚಾಗುತ್ತದೆ.

ತೂತು, ರಾಡು, ಪ್ಲೇಟು

ಮನೆಬಳಕೆಯ ಪ್ಲೇಟುಗಳ ತೂತು ಸಾಮಾನ್ಯವಾಗಿ 28ರಿಂದ 30 ಮಿ.ಮೀ. ಆಸುಪಾಸು, ಜಿಮ್ಮಿನ ಒಲಿಂಪಿಕ್ ಪ್ಲೇಟಿನದು 50. ಅಂಗಡಿಗೆ ಹೋಗುವಾಗ ತೂತಿನ ಅಳತೆ ತೆಗೆಯುವ ವರ್ನಿಯರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಡಂಬಲ್ ರಾಡು, ಉದ್ದ ರಾಡು, ಪ್ಲೇಟು ಮೂರನ್ನೂ ಕೌಂಟರ್ ಮೇಲೆ ತರಿಸಿ ಅಲ್ಲೇ ಕೂರಿಸಿ ನೋಡಿ. 25 ಮಿ.ಮೀ. ರಾಡಿಗೆ 30ರ ತೂತಿನ ಪ್ಲೇಟು ಹಾಕಿದರೆ ಅಲ್ಲಾಡುತ್ತದೆ, ಪ್ರತಿ ಸಲ ಎತ್ತಿದಾಗಲೂ ನಟ್ಟು ಸಡಿಲವಾಗುತ್ತದೆ.

ರಾಡಿನ ದಪ್ಪಕ್ಕೆ 28 ಮಿ.ಮೀ. ಆರಿಸಿ. 25ಕ್ಕೂ 28ಕ್ಕೂ ಮೂರೇ ಮಿ.ಮೀ. ಅನ್ನಿಸುತ್ತದೆ. ಆದರೆ ದುಂಡನೆಯ ಸರಳು ಬಾಗದೆ ತಡೆಯುವ ಬಲ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ಉಕ್ಕಿನಲ್ಲಿ 28ರ ರಾಡು 25ರದ್ದಕ್ಕಿಂತ ಶೇ. 40ರಷ್ಟು ಗಟ್ಟಿ. 100 ಕೆ.ಜಿ. ಹತ್ತಿರ ಹಾಕಿ ನೆಲಕ್ಕೆ ಒಗೆದರೆ 25ರ ಮೆತು ಉಕ್ಕಿನ ರಾಡು ಬಾಗುತ್ತದೆ. ಒಮ್ಮೆ ಬಾಗಿದ ರಾಡು ಹಿಡಿತದಲ್ಲಿ ಉರುಳುತ್ತದೆ, ಬಡಿದು ನೇರ ಮಾಡಿದರೂ ಮೊದಲಿನಂತಾಗುವುದಿಲ್ಲ.

ರಾಡು ಗಟ್ಟಿ ಸರಳೋ, ಒಳಗೆ ಪೊಳ್ಳಿರುವ ಪೈಪೋ ಎಂದು ಕ್ರೋಮ್ ಹೊಳಪು ನೋಡಿ ಹೇಳಲಾಗದು. ಅದಕ್ಕೆ ಕಟ್ಟಡದ ಕಬ್ಬಿಣ ಕಟ್ಟುವವರ ಲೆಕ್ಕವನ್ನೇ ಬಳಸಿ: ವ್ಯಾಸವನ್ನು ಮಿ.ಮೀ. ಲೆಕ್ಕದಲ್ಲಿ ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. 28ಕ್ಕೆ 784 ಭಾಗಿಸು 162, ಅಂದರೆ 4.84 ಕೆ.ಜಿ. ಐದಡಿ ಎಂದರೆ 1.52 ಮೀಟರ್, ಹಾಗಾಗಿ ಗಟ್ಟಿ ರಾಡು ಸುಮಾರು 7.4 ಕೆ.ಜಿ. ತೂಗಬೇಕು. 25ರದ್ದಾದರೆ 5.9. ತಕ್ಕಡಿಯಲ್ಲಿ ನಾಲ್ಕು ಕೆ.ಜಿ. ತೋರಿಸಿದರೆ ಅದು ಪೈಪು. ಹಾಗೇ ವಾಪಸ್ ಇಟ್ಟು ಬನ್ನಿ. 14 ಇಂಚಿನ ಡಂಬಲ್ ರಾಡು ಇದೇ ಲೆಕ್ಕದಲ್ಲಿ 28ರದ್ದು 1.7 ಕೆ.ಜಿ. ಆಗುತ್ತದೆ. ‘ಇಪ್ಪತ್ತು ಎತ್ತಿದೆ’ ಎಂದು ಬರೆದುಕೊಳ್ಳುವಾಗ ರಾಡಿನ ತೂಕವನ್ನೂ ಸೇರಿಸಿ.

ಪ್ಲೇಟುಗಳಲ್ಲಿ ಅಗ್ಗದವು ಪ್ಲಾಸ್ಟಿಕ್ ಚಿಪ್ಪಿನೊಳಗೆ ಸಿಮೆಂಟ್ ತುಂಬಿದವು. ಉದ್ದ ರಾಡಿಗೆ ನಡೆಯುತ್ತವೆ, ಡಂಬಲ್‌ಗೆ ಒಗ್ಗುವುದಿಲ್ಲ. ಕಾರಣ ಸರಳ: ಎರಕದ ಕಬ್ಬಿಣ ಸಿಮೆಂಟಿಗಿಂತ ಸುಮಾರು ಮೂರು ಪಟ್ಟು ಸಾಂದ್ರ. ಅಷ್ಟೇ ತೂಕಕ್ಕೆ ಸಿಮೆಂಟ್ ಪ್ಲೇಟು ಮೂರು ಪಟ್ಟು ಗಾತ್ರ ಕೇಳುತ್ತದೆ. 14 ಇಂಚಿನ ರಾಡಿನಲ್ಲಿ ಹಿಡಿಕೆ ಮತ್ತು ನಟ್ಟು ಬಿಟ್ಟರೆ ಒಂದೊಂದು ಕಡೆ ಉಳಿಯುವುದು ಎಂಟೊಂಬತ್ತು ಸೆಂ.ಮೀ. ಅಷ್ಟೇ. ದಪ್ಪ ಸಿಮೆಂಟ್ ಪ್ಲೇಟು ಎರಡು ಹಾಕುವಷ್ಟರಲ್ಲಿ ಥ್ರೆಡ್ ಮುಗಿದಿರುತ್ತದೆ. ಇನ್ನೂ ಭಾರ ಹಾಕಬೇಕೆಂದು ನಟ್ಟನ್ನು ಎರಡೇ ಸುತ್ತಿಗೆ ಬಿಟ್ಟು ಎತ್ತುವವರಿದ್ದಾರೆ. ಮುಖದ ಮೇಲೆ ಪ್ಲೇಟು ಬೀಳುವುದು ಹೀಗೆಯೇ. ಇವು ಕೆಳಗೆ ಬಿದ್ದರೆ ಚಿಪ್ಪು ಸೀಳಿ ಪುಡಿ ಸೋರುತ್ತದೆ, ಒಂದು ಕಡೆಯ ತೂಕ ತಾನಾಗಿ ಇಳಿಯುತ್ತದೆ. ಎರಕದ ಕಬ್ಬಿಣದ ಪ್ಲೇಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಪ್ಲೇಟಿನ ಮೇಲೆ ಅಚ್ಚು ಹಾಕಿದ ಅಂಕಿಯನ್ನು ನಂಬಬೇಡಿ. ದಾವಣಗೆರೆಯಲ್ಲಿ ತಕ್ಕಡಿಗೇನು ಬರ? ಅಕ್ಕಿ ಅಂಗಡಿ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದೊಂದೇ ತೂಗಿಸಿ, ನಿಜವಾದ ತೂಕವನ್ನು ಪೇಂಟ್ ಪೆನ್ನಿನಲ್ಲಿ ಪ್ಲೇಟಿನ ಹಿಂಬದಿಗೆ ಬರೆಯಿರಿ. 5 ಕೆ.ಜಿ. ಎಂದಿರುವ ನಾಲ್ಕರಲ್ಲಿ ಒಂದು 4.7, ಇನ್ನೊಂದು 5.2 ಬಂದರೆ ಆಶ್ಚರ್ಯವಿಲ್ಲ. ಒಂದಕ್ಕೊಂದು ಹತ್ತಿರವಿರುವುದನ್ನು ಜೋಡಿ ಮಾಡಿ. ನೂರು ಗ್ರಾಂವರೆಗಿನ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಮೊದಲ ಖರೀದಿಗೆ ಇಷ್ಟು ಸಾಕು: 14 ಇಂಚಿನ ಡಂಬಲ್ ರಾಡು ಎರಡು, 5 ಕೆ.ಜಿ. ಪ್ಲೇಟು ನಾಲ್ಕು, 2.5 ನಾಲ್ಕು, 1.25 ನಾಲ್ಕು. ಒಟ್ಟು ಪ್ಲೇಟು 35 ಕೆ.ಜಿ. ಒಂದು ಡಂಬಲ್‌ಗೆ ಗರಿಷ್ಠ 19.2 ಕೆ.ಜಿ. ಬರುತ್ತದೆ. ಮುಂದೆ ಐದಡಿ ರಾಡು ತಂದ ದಿನ ಅದೇ ಪ್ಲೇಟುಗಳಿಂದ 42.4 ಕೆ.ಜಿ. ಬಾರ್ಬೆಲ್ ಸಿದ್ಧ. ಅದಕ್ಕೆ 10ರ ಪ್ಲೇಟು ನಾಲ್ಕು ಸೇರಿಸಿದರೆ 82.4, ಬಹಳ ಜನರಿಗೆ ವರ್ಷದ ಮಟ್ಟಿಗೆ ಬೇರೇನೂ ಬೇಕಾಗುವುದಿಲ್ಲ.

ಆದರೆ ಈ ಸೆಟ್ಟಿನಲ್ಲೂ ಡಂಬಲ್ ಒಂದಕ್ಕೆ ಕನಿಷ್ಠ ಏರಿಕೆ 2.5 ಕೆ.ಜಿ. ಅದನ್ನು ಇಳಿಸಲು ಅರ್ಧ ಕೆ.ಜಿ. ಪ್ಲೇಟು ನಾಲ್ಕು ಬೇಕು, ಅಂಗಡಿಯಲ್ಲಿ ಅವು ಸುಲಭಕ್ಕೆ ಸಿಗುವುದಿಲ್ಲ. ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. 8 ಮಿ.ಮೀ. ದಪ್ಪದ ಉಕ್ಕಿನ ತಗಡಿನಲ್ಲಿ 105 ಮಿ.ಮೀ. ವ್ಯಾಸದ ಬಿಲ್ಲೆ, ನಡುವೆ 30 ಮಿ.ಮೀ. ತೂತು ಎಂದು ಚೀಟಿಯಲ್ಲಿ ಬರೆದುಕೊಡಿ. ಸರಿಯಾಗಿ ಅರ್ಧ ಕೆ.ಜಿ. ಬರುತ್ತದೆ. ಅಂಚನ್ನು ಉಜ್ಜಿ ನುಣುಪು ಮಾಡಲು ಹೇಳುವುದು ಮರೆಯಬೇಡಿ, ಇಲ್ಲದಿದ್ದರೆ ತೊಡೆ ಗೀರುತ್ತದೆ. ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಇದ್ದ ಹರಿಹರ ಪಕ್ಕದಲ್ಲೇ ಇದೆ, ಈ ಕೆಲಸಕ್ಕೆ ಬೆಂಗಳೂರಿಗೆ ಬರೆಯಬೇಕಾಗಿಲ್ಲ. ನಾಲ್ಕು ಬಿಲ್ಲೆಯಿಂದ ಡಂಬಲ್‌ಗೆ ಒಂದೊಂದು ಕೆ.ಜಿ. ಏರಿಸಬಹುದು. ಇಡೀ ಖರೀದಿಯಲ್ಲಿ ಇದಕ್ಕಿಂತ ಉಪಯೋಗಕ್ಕೆ ಬರುವ ಖರ್ಚಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಳೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಕೋರ್ಸ್ ಮುಗಿಸಿ ಊರಿಗೆ ಹೊರಡುವ ವಿದ್ಯಾರ್ಥಿಗಳು ಕಬ್ಬಿಣ ಹೊತ್ತುಕೊಂಡು ಹೋಗಲಾರರು. ಪ್ಲೇಟಿನ ತುಕ್ಕಿಗೆ ಹೆದರಬೇಡಿ. ರಾಡಿನ ಥ್ರೆಡ್ ಸವೆದಿದೆಯೇ ನೋಡಿ. ರಾಡನ್ನು ಟೈಲ್ಸ್ ನೆಲದ ಮೇಲೆ ಉರುಳಿಸಿ, ಬಾಗಿದ್ದರೆ ಕುಪ್ಪಳಿಸುತ್ತದೆ.

ನೆಲ

ವಿಟ್ರಿಫೈಡ್ ಟೈಲ್ಸ್ ಮೇಲೆ 10 ಕೆ.ಜಿ. ಡಂಬಲ್ ಮೊಣಕಾಲೆತ್ತರದಿಂದ ಬಿದ್ದರೂ ಬಿರುಕು ಬರುತ್ತದೆ. ಜಿಮ್ ಮ್ಯಾಟ್ ಎಂದು ಮಾರುವ ತೆಳು ಫೋಮ್ ಹಾಸು ಇದನ್ನು ತಡೆಯುವುದಿಲ್ಲ. ಹೈನುಗಾರಿಕೆ ಸಾಮಾನು ಮಾರುವ ಅಂಗಡಿಯಲ್ಲಿ ಹಸುವಿನ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಕೇಳಿ. ಸಾಮಾನ್ಯವಾಗಿ ಆರೂವರೆಗೆ ನಾಲ್ಕು ಅಡಿ, 16–18 ಮಿ.ಮೀ. ದಪ್ಪ. ಹೊಸದರಲ್ಲಿ ರಬ್ಬರ್ ವಾಸನೆ ಬರುತ್ತದೆ. ಸೋಪು ನೀರಲ್ಲಿ ತೊಳೆದು ಒಂದು ವಾರ ತಾರಸಿಯಲ್ಲಿ ಒಣಗಿಸಿ. ಅದರ ಕೆಳಗೆ 12 ಮಿ.ಮೀ. ಪ್ಲೈವುಡ್ ಹಾಕಿದರೆ ಏಟು ಹರಡಿಕೊಳ್ಳುತ್ತದೆ.

ಮೇಲಿನ ಮಹಡಿಯವರಿಗೆ ಸ್ಲ್ಯಾಬ್ ತಡೆಯುತ್ತದೆಯೇ ಎಂಬ ಚಿಂತೆ. ವಾಸದ ಕೋಣೆಗಳ ಸ್ಲ್ಯಾಬಿಗೆ ಭಾರತೀಯ ಮಾನಕ 875 ಹೇಳುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಸರಿಯಾಗಿ ಕಟ್ಟಿದ ಮನೆಯಲ್ಲಿ 80 ಕೆ.ಜಿ. ಬಾರ್ಬೆಲ್ ಸುಮ್ಮನೆ ಇಟ್ಟರೆ ಏನೂ ಆಗದು. ಎತ್ತಿ ಒಗೆಯುವ ಮಾತು ಬೇರೆ. ಕೆಳಗಿನ ಮನೆಯವರು ಸ್ಲ್ಯಾಬಿಗಿಂತ ಮೊದಲು ಬಿರಿಯುತ್ತಾರೆ. ಹಳೆಯ ಹೆಂಚಿನ ಮನೆಯ ಮರದ ಅಟ್ಟದ ಮೇಲೆ ಮಾತ್ರ ಇವೆರಡೂ ಬೇಡ.

ಮೊದಲ ನಾಲ್ಕು ತಿಂಗಳು, ಡಂಬಲ್‌ನಲ್ಲಿ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ದಿನಕ್ಕೆ ಐದೇ ವ್ಯಾಯಾಮ: ಡಂಬಲನ್ನು ಎದೆಗೆ ನಿಲ್ಲಿಸಿ ಹಿಡಿದು ಬಸ್ಕಿ, ನೆಲದ ಮೇಲೆ ಮಲಗಿ ಡಂಬಲ್ ಮೇಲಕ್ಕೆ ಒತ್ತುವ ಫ್ಲೋರ್ ಪ್ರೆಸ್, ಒಂದು ಕೈ ಕುರ್ಚಿಗೆ ಊರಿ ಇನ್ನೊಂದರಲ್ಲಿ ಎಳೆಯುವ ರೋ, ಸೊಂಟ ಹಿಂದಕ್ಕೆ ತಳ್ಳಿ ಬಾಗುವ ರೊಮೇನಿಯನ್ ಡೆಡ್‌ಲಿಫ್ಟ್, ನಿಂತು ಓವರ್‌ಹೆಡ್ ಪ್ರೆಸ್. ಎಲ್ಲವೂ ಮೂರು ಸೆಟ್, 8ರಿಂದ 12 ಸಲ. ಮೂರೂ ಸೆಟ್ಟಿನಲ್ಲಿ 12 ಮುಟ್ಟಿದ ಮೇಲೆ ಮುಂದಿನ ಸಲ ಡಂಬಲ್‌ಗೆ ಒಂದು ಕೆ.ಜಿ. ಏರಿಸಿ, 8ರಿಂದ ಮತ್ತೆ ಶುರು. ಬೇಸಿಗೆಯಲ್ಲಿ ಬೆಳಗ್ಗೆ ಏಳರೊಳಗೆ ಮುಗಿಸಿ. ತಗಡಿನ ಶೀಟ್ ಹೊದಿಸಿದ ತಾರಸಿ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಕಬ್ಬಿಣ ಮುಟ್ಟಲೂ ಆಗದು.

ಗರಡಿಯಲ್ಲಿ ದಂಡ, ಬಸ್ಕಿ ಹೊಡೆದವರಿಗೆ ಕಾಲು, ಎದೆ ಮೊದಲೇ ಗಟ್ಟಿ ಇರುತ್ತವೆ. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಇಳಿಯುವ ಹುಡುಗರು ಈ ಹಂತದಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಿಲ್ಲ, ನೇರ ರಾಡಿಗೆ ಹೋಗಬಹುದು. ರಕ್ತದೊತ್ತಡ, ಹರ್ನಿಯಾ, ಡಿಸ್ಕ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಯಾವುದನ್ನೂ ಎತ್ತಬಾರದು.

ರಾಡು ಯಾವಾಗ ತರಬೇಕು? ಎರಡೂ ಡಂಬಲ್‌ಗೆ ಇರುವ ಪ್ಲೇಟನ್ನೆಲ್ಲ ಹಾಕಿ ರೊಮೇನಿಯನ್ ಡೆಡ್‌ಲಿಫ್ಟ್ ಮೂರು ಸೆಟ್ 12 ಸಲ ಆದಾಗ. ಅದಕ್ಕೂ ಮೊದಲು ತಂದರೆ ಗೋಡೆಗೆ ಒರಗಿ ನಿಂತಿರುತ್ತದೆ.

ರಾಡು ಬಂದ ಮೇಲೆ

ಸ್ಟ್ಯಾಂಡ್ ಇಲ್ಲದೆಯೂ ರಾಡಿನಿಂದ ಬೇಕಾದಷ್ಟು ಕೆಲಸವಿದೆ: ರಾಡನ್ನು ನೆಲದಿಂದ ಎತ್ತಿ ನಿಲ್ಲುವ ಡೆಡ್‌ಲಿಫ್ಟ್, ರೋ, ಓವರ್‌ಹೆಡ್ ಪ್ರೆಸ್. ರಾಡನ್ನು ಹೆಗಲಿಗಿಟ್ಟು ಬಸ್ಕಿ ಹೊಡೆಯುವ ಸ್ಕ್ವಾಟ್‌ಗೆ ಮಾತ್ರ ಸ್ಟ್ಯಾಂಡ್ ಬೇಕು. ಜಿಮ್ಮಿನ ಅಗಲದ ಪವರ್ ರ‍್ಯಾಕ್ ಏಳಡಿ ಬಾರಿಗೆಂದು ಮಾಡಿದ್ದು, ಐದಡಿ ರಾಡು ಅದರಲ್ಲಿ ಕೂರುವುದಿಲ್ಲ. ಅಗಲ ಹೊಂದಿಸಬಹುದಾದ ಬಿಡಿ ಸ್ಟ್ಯಾಂಡ್ ತಗೊಳ್ಳಿ.

ಡೆಡ್‌ಲಿಫ್ಟ್‌ನಲ್ಲಿ ಮನೆಯಲ್ಲೇ ಮಾಡುವವರಿಗೆ ಬೆನ್ನು ಹಿಡಿಯುವುದಕ್ಕೆ ಒಂದು ಕಾರಣ ಪ್ಲೇಟಿನ ಅಳತೆ. ಸ್ಪರ್ಧೆಯ ದೊಡ್ಡ ಪ್ಲೇಟು 45 ಸೆಂ.ಮೀ. ಅಗಲ, ಹಾಗಾಗಿ ಬಾರ್ ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ. ಮನೆಯ ಪ್ಲೇಟು 30 ಸೆಂ.ಮೀ. ಇದ್ದರೆ ರಾಡು 15 ಸೆಂ.ಮೀ.ಗೆ ಇಳಿಯುತ್ತದೆ. ಅಷ್ಟು ಕೆಳಗೆ ಬಾಗಿದಾಗ ನಡು ಗೂನಾಗುತ್ತದೆ. ಎರಡೂ ಕಡೆ ಪ್ಲೇಟಿನಡಿ ಮೂರಿಂಚು ದಪ್ಪದ ಮರದ ತುಂಡು ಇಡಿ, ಎತ್ತರ ಸರಿಹೋಗುತ್ತದೆ. ಇಟ್ಟಿಗೆ ಬೇಡ, ಎರಡೇ ದಿನಕ್ಕೆ ಒಡೆಯುತ್ತದೆ.

ಎತ್ತುವ ಕ್ರಮ ಹೀಗೆ. ಪಾದಗಳ ನಡುವೆ ಸೊಂಟದಷ್ಟು ಅಂತರ, ರಾಡು ಮುಂಗಾಲ ಮೂಳೆಯಿಂದ ಎರಡು ಬೆರಳು ದೂರ. ಸೊಂಟ ಹಿಂದಕ್ಕೆ ತಳ್ಳುತ್ತಾ ಬಾಗಿ ರಾಡು ಹಿಡಿಯಿರಿ, ಮೂಳೆ ರಾಡಿಗೆ ತಾಗುವವರೆಗೆ ಮೊಣಕಾಲು ಮಡಿಸಿ, ಎದೆ ಮುಂದೆ ತನ್ನಿ. ಹೊಟ್ಟೆಗೆ ಗಾಳಿ ತುಂಬಿ ಬಿಗಿಹಿಡಿಯಿರಿ. ಈಗ ಜಗ್ಗಬೇಡಿ, ಮೊದಲು ನಿಧಾನವಾಗಿ ರಾಡನ್ನು ಮೇಲಕ್ಕೆ ಬಿಗಿ ಮಾಡಿ. ರಾಡಿಗೂ ಪ್ಲೇಟಿನ ತೂತಿಗೂ ಇರುವ ಸಂದು ಮುಚ್ಚಿ ‘ಟಿಕ್’ ಎಂದು ಸದ್ದಾಗುತ್ತದೆ. ಆ ಸದ್ದು ಕೇಳಿದ ಮೇಲೆ ಕಾಲಿನಿಂದ ನೆಲವನ್ನು ಒತ್ತಿ ಎದ್ದು ನಿಲ್ಲಿ. ಸದ್ದಿಗೆ ಮೊದಲೇ ಜಗ್ಗಿದರೆ ಸಡಿಲವೆಲ್ಲ ಒಮ್ಮೆಗೇ ಬಿಗಿದು ಏಟು ನಡುವಿಗೆ ಬೀಳುತ್ತದೆ.

ಒಬ್ಬರೇ ಇದ್ದಾಗ ಬೆಂಚಿನ ಮೇಲೆ ಬಾರ್ಬೆಲ್ ಒತ್ತುವುದು ಮನೆಯ ವ್ಯಾಯಾಮದಲ್ಲೆಲ್ಲ ಅಪಾಯದ್ದು. ಕೈ ಸೋತರೆ ರಾಡು ಎದೆ ಅಥವಾ ಕುತ್ತಿಗೆಯ ಮೇಲೆ ಕೂರುತ್ತದೆ. ಡಂಬಲ್ ಆದರೆ ಪಕ್ಕಕ್ಕೆ ಬಿಟ್ಟರಾಯಿತು. ಎದೆಯ ವ್ಯಾಯಾಮವನ್ನು ಡಂಬಲ್‌ನಲ್ಲೇ ಉಳಿಸಿಕೊಳ್ಳಿ ಎಂಬುದು ನಮ್ಮ ಮಾತು. ಮಾಡಲೇಬೇಕೆಂದರೆ ಕ್ಲಿಪ್ಪು, ನಟ್ಟು ಹಾಕದೆ ಮಾಡಿ. ಸಿಕ್ಕಿಕೊಂಡಾಗ ರಾಡನ್ನು ಒಂದು ಬದಿಗೆ ವಾಲಿಸಿದರೆ ಪ್ಲೇಟು ಜಾರಿ ಬೀಳುತ್ತದೆ. ಹೆಬ್ಬೆರಳನ್ನು ರಾಡಿನ ಸುತ್ತ ಹಾಕದೆ ಬೆರಳುಗಳ ಜೊತೆಗೇ ಇಟ್ಟು ಹಿಡಿಯುವ ಚಾಳಿ ಬೇಡವೇ ಬೇಡ. ಉಳಿದೆಲ್ಲ ವ್ಯಾಯಾಮಕ್ಕೆ ಪ್ರತಿ ಸೆಟ್ಟಿಗೂ ಮೊದಲು ನಟ್ಟು ಬಿಗಿಮಾಡಿ.

ನಟ್ಟಿನೊಳಗಿನ ರಬ್ಬರ್ ವಾಷರ್ ಕಳೆದುಹೋದರೆ ನಟ್ಟು ಎಷ್ಟು ಬಿಗಿದರೂ ನಿಲ್ಲದು; ನಲ್ಲಿ ಸಾಮಾನಿನ ಅಂಗಡಿಯಲ್ಲಿ ಅದೇ ಅಳತೆಯದು ಸಿಗುತ್ತದೆ, ಹಳೆಯದನ್ನು ಒಯ್ದು ತೋರಿಸಿ. ತಿಂಗಳಿಗೊಮ್ಮೆ ಹಿಡಿಕೆಯ ಕೊರೆತಗಳಲ್ಲಿ ಸೇರಿದ ಬೆವರು, ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಾಕಿ ಒರೆಸಿ. ಥ್ರೆಡ್‌ಗೆ ಎರಡು ಹನಿ ಸಾಕು, ಹಿಡಿಕೆಯ ಮೇಲೆ ಉಳಿಯದಂತೆ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಪ್ಲೇಟಿನ ಬಣ್ಣ ಎದ್ದಲ್ಲಿ ಉಪ್ಪುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಕಪ್ಪು ಎನಾಮೆಲ್ ಬಳಿಯಿರಿ. ಹಿಂಬದಿಗೆ ಬರೆದ ತೂಕ ಮುಚ್ಚಿಹೋಗದಂತೆ ನೋಡಿಕೊಳ್ಳಿ.